ತಪಾಸಣೆಯ ನಂತರದ ಲೆಕ್ಕ: ಕಾರ್ಖಾನೆಯ ಆರೋಗ್ಯ ಕಾರ್ಯಕ್ರಮದ ಗುಣಮಟ್ಟವನ್ನು ಅಳೆಯುವುದು ಹೇಗೆ?

ತೋರಣಗಲ್ಲು, ಗಿಣಿಗೇರಾ, ಶಕ್ತಿನಗರ, ಹಟ್ಟಿ ಎಂದ ಕೂಡಲೇ ಉಕ್ಕು, ಸ್ಪಾಂಜ್ ಐರನ್, ವಿದ್ಯುತ್ತು, ಚಿನ್ನ ನೆನಪಾಗುತ್ತವೆ. ಇವುಗಳ ಜೊತೆಗೆ ಸಂಡೂರಿನ ಅದಿರು ಗಣಿಗಳು, ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ ಗಿರಣಿಗಳು, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳು, ಬಳ್ಳಾರಿಯ ಜೀನ್ಸ್ ಘಟಕಗಳನ್ನೂ ಸೇರಿಸಿಕೊಂಡರೆ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ದುಡಿಮೆಯ ಜಾಗಗಳು ಎಷ್ಟು ಬಗೆಯವು ಎಂಬುದು ತಿಳಿಯುತ್ತದೆ. ಇಲ್ಲಿ ಆರೋಗ್ಯ ಶಿಬಿರಗಳು ಅಪರೂಪವೇನಲ್ಲ. ಶಿಬಿರ ಮುಗಿದ ಮೇಲೆ ತಯಾರಾಗುವ ವರದಿಯಲ್ಲಿ ಎಷ್ಟು ಜನರ ಬಿಪಿ ನೋಡಲಾಯಿತು, ಎಷ್ಟು ಜನರ ಶುಗರ್ ಪರೀಕ್ಷಿಸಲಾಯಿತು, ಎಷ್ಟು ಕನ್ನಡಕ ಹಂಚಲಾಯಿತು ಎಂಬ ಅಂಕಿಗಳೂ, ಪಕ್ಕದಲ್ಲಿ ದೀಪ ಬೆಳಗುತ್ತಿರುವ ಗಣ್ಯರ ಫೋಟೊವೂ ಇರುತ್ತವೆ. ಅಂಕಿಗಳು ಸುಳ್ಳೆಂದು ಹೇಳಬೇಕಾಗಿಲ್ಲ. ಆ ದಿನ ಶಿಬಿರದವರು ಎಷ್ಟು ಕೆಲಸ ಮಾಡಿದರು ಎಂಬುದನ್ನು ಅವು ಸರಿಯಾಗಿಯೇ ಹೇಳುತ್ತವೆ. ಕೆಲಸಗಾರರ ಆರೋಗ್ಯದಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಮಾತ್ರ ಆ ವರದಿಯಲ್ಲಿ ಉತ್ತರ ಸಿಗುವುದಿಲ್ಲ.

ಆರೋಗ್ಯ ಸೇವೆಯ ಗುಣಮಟ್ಟವನ್ನು ಹೇಗೆ ನೋಡಬೇಕು ಎಂಬುದಕ್ಕೆ 1966ರಲ್ಲಿ ಅವೆಡಿಸ್ ಡೊನಾಬೆಡಿಯನ್ ಎಂಬ ವೈದ್ಯ ಹಾಕಿಕೊಟ್ಟ ಚೌಕಟ್ಟು ಇಂದಿಗೂ ಬಳಕೆಯಲ್ಲಿದೆ. ಅವರ ಪ್ರಕಾರ ನೋಡಬೇಕಾದವು ಮೂರು: ಏನೇನು ಸೌಲಭ್ಯವಿದೆ, ಕೆಲಸ ಹೇಗೆ ನಡೆಯುತ್ತದೆ, ಕೊನೆಗೆ ಫಲವೇನಾಯಿತು. ಕಾರ್ಖಾನೆಯಲ್ಲಿ ಆಂಬುಲೆನ್ಸ್ ಕೊಠಡಿ ಇದೆಯೇ, ಕೈಗಾರಿಕಾ ಆರೋಗ್ಯದಲ್ಲಿ ತರಬೇತಿ ಪಡೆದ ವೈದ್ಯರಿದ್ದಾರೆಯೇ ಎಂಬುದು ಮೊದಲನೆಯದು. ಬಿಪಿ ಹೆಚ್ಚಿದ್ದವನನ್ನು ಮತ್ತೆ ಕರೆಸಿ ನೋಡಿದರೇ ಎಂಬುದು ಎರಡನೆಯದು. ಆರು ತಿಂಗಳ ನಂತರ ಅವನ ಬಿಪಿ ಹತೋಟಿಗೆ ಬಂದಿತೇ ಎಂಬುದು ಮೂರನೆಯದು. ನಮ್ಮಲ್ಲಿ ಪರಿಶೀಲನೆ ಎಂದರೆ ಬಹುಮಟ್ಟಿಗೆ ಮೊದಲನೆಯದರಲ್ಲೇ ಮುಗಿಯುತ್ತದೆ, ಏಕೆಂದರೆ ಕೊಠಡಿ, ಹಾಸಿಗೆ, ಆಮ್ಲಜನಕದ ಸಿಲಿಂಡರ್ ಕಣ್ಣಿಗೆ ಕಾಣುತ್ತವೆ ಮತ್ತು ಕಾನೂನು ಕೇಳುವುದೂ ಹೆಚ್ಚಾಗಿ ಅವನ್ನೇ.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡಬಹುದು. 500ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಆಂಬುಲೆನ್ಸ್ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. 1984ರ ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಅಪಾಯಕಾರಿ ಪ್ರಕ್ರಿಯೆಗಳಿರುವ ಘಟಕಗಳು ಕೆಲಸಗಾರರ ಆರೋಗ್ಯ ದಾಖಲೆ ಇಡಬೇಕು, ಅದು ಕೆಲಸಗಾರನಿಗೂ ನೋಡಸಿಗಬೇಕು ಎಂಬ ಕಲಂ ಸೇರಿತು. ಗಣಿಗಳಲ್ಲಿ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ಪರೀಕ್ಷೆ ಆಗಬೇಕೆಂಬುದು 1955ರ ಗಣಿ ನಿಯಮಗಳ ಕಟ್ಟಳೆ. ಸಂಸತ್ತು 2020ರಲ್ಲಿ ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು, ನಿಗದಿಪಡಿಸಿದ ವಯಸ್ಸಿನ ಅಥವಾ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಮಾಡಿಸುವುದನ್ನು ಮಾಲೀಕನ ಕರ್ತವ್ಯವನ್ನಾಗಿಸಿದೆ. ಇವೆಲ್ಲ ಕನಿಷ್ಠ ಮಟ್ಟವನ್ನು ಗೊತ್ತುಮಾಡುತ್ತವೆ. ಆ ಮಟ್ಟವನ್ನು ಮುಟ್ಟಿದ ಕಾರ್ಯಕ್ರಮದಿಂದ ಪ್ರಯೋಜನವಾಯಿತೇ ಇಲ್ಲವೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.

ಭಾಗಾಕಾರದ ಕೆಳಗಿನ ಸಂಖ್ಯೆ

ಯಾವುದೇ ವರದಿಯಲ್ಲಿ ಶೇಕಡಾವಾರು ಕಂಡಾಗ ಮೊದಲು ಕೇಳಬೇಕಾದದ್ದು, ಯಾವುದರ ಶೇಕಡಾ ಎಂದು. ಒಂದು ಊಹೆಯ ಲೆಕ್ಕ ತೆಗೆದುಕೊಳ್ಳೋಣ. ಒಂದು ಘಟಕದೊಳಗೆ ದಿನವೂ 1,200 ಜನ ದುಡಿಯುತ್ತಾರೆ. ಅವರಲ್ಲಿ 400 ಜನ ಕಾಯಂ, 800 ಜನ ಗುತ್ತಿಗೆಯವರು. ತಪಾಸಣೆಗೆ 360 ಕಾಯಂ ನೌಕರರು ಬಂದರು. ಕಾಯಂ ಪಟ್ಟಿಯಿಂದ ಭಾಗಿಸಿದರೆ ಶೇ 90, ವರದಿಗೆ ಶೋಭೆ ತರುವ ಅಂಕಿ. ಗೇಟಿನೊಳಗೆ ಬರುವವರೆಲ್ಲರ ಸಂಖ್ಯೆಯಿಂದ ಭಾಗಿಸಿದರೆ ಶೇ 30. ಎರಡೂ ಲೆಕ್ಕಗಳು ಸರಿಯೇ, ಆದರೆ ಕುಲುಮೆಯ ಬಾಯಿಯಲ್ಲಿ, ಕನ್ವೇಯರ್ ಬೆಲ್ಟಿನ ಕೆಳಗೆ, ಬೂದಿ ತೆಗೆಯುವಲ್ಲಿ ನಿಲ್ಲುವವರು ಹೆಚ್ಚಾಗಿ ಆ 800 ಜನರಲ್ಲೇ ಇರುತ್ತಾರೆ. ಅಪಾಯ ಎಲ್ಲಿ ಹೆಚ್ಚೋ ಅಲ್ಲಿಯವರನ್ನೇ ಬಿಟ್ಟು ಮಾಡಿದ ತಪಾಸಣೆಗೆ ಶೇ 90ರ ಅಂಕಿಯಿಂದ ಗುಣಮಟ್ಟ ಬರುವುದಿಲ್ಲ.

ರಸೆಲ್ ಗ್ಲಾಸ್ಗೊ ಮತ್ತು ಸಂಗಡಿಗರು 1999ರಲ್ಲಿ ಸೂಚಿಸಿದ, ಸಾರ್ವಜನಿಕ ಆರೋಗ್ಯದಲ್ಲಿ ಇಂದು ಬಹಳ ಬಳಕೆಯಲ್ಲಿರುವ ಮೌಲ್ಯಮಾಪನದ ಕ್ರಮವೊಂದು ಈ ಕಾರಣಕ್ಕಾಗಿಯೇ ‘ಯಾರನ್ನು ತಲುಪಿತು’ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ. ಫಲ ಸಿಕ್ಕಿತೇ, ಎಷ್ಟು ಜಾಗಗಳು ಅದನ್ನು ಅಳವಡಿಸಿಕೊಂಡವು, ಅಂದುಕೊಂಡ ಹಾಗೆಯೇ ನಡೆಯಿತೇ, ಮುಂದೆಯೂ ಉಳಿಯಿತೇ ಎಂಬವು ಆಮೇಲಿನ ಪ್ರಶ್ನೆಗಳು. ನಮ್ಮ ಜಿಲ್ಲೆಗಳಲ್ಲಿ ‘ತಲುಪಿತೇ’ ಎಂಬುದಕ್ಕೆ ಕಾಲದ ಮುಖವೂ ಇದೆ. ಜಿನ್ನಿಂಗ್ ಮಿಲ್ಲಿನ ಕೆಲಸ ಹತ್ತಿಯ ಸುಗ್ಗಿಗೆ ಕಟ್ಟುಬಿದ್ದಿರುತ್ತದೆ. ಸುಗ್ಗಿ ಕಳೆದ ಮೇಲೆ ಮಳೆಗಾಲದ ಹೊತ್ತಿಗೆ ಶಿಬಿರ ಇಟ್ಟರೆ ಕಾವಲುಗಾರ, ಗುಮಾಸ್ತ, ಒಬ್ಬಿಬ್ಬರು ಫಿಟ್ಟರ್‌ಗಳು ಮಾತ್ರ ಸಿಗುತ್ತಾರೆ. ಅಕ್ಕಿ ಗಿರಣಿಯ ಹಮಾಲರು ಯಾರ ಹಾಜರಿ ಪುಸ್ತಕದಲ್ಲೂ ಇರದೆ, ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆದು, ಒಂದೇ ದಿನ ಎರಡು ಗಿರಣಿಗಳಲ್ಲಿ ದುಡಿದಿರಬಹುದು. ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ನಡೆಯುವ ಶಿಬಿರಕ್ಕೆ ರಾತ್ರಿ ಪಾಳಿಯವನು ಬರಬೇಕಾದರೆ ನಿದ್ದೆಗೆಟ್ಟು ಬರಬೇಕು; ಬಂದರೂ ಅವನ ಅಂದಿನ ಬಿಪಿಯನ್ನು ನಂಬುವುದು ಕಷ್ಟ.

ಸರತಿಯಲ್ಲಿ ಉದುರುವವರು

ಗುಣಮಟ್ಟದ ತಿರುಳು ಇರುವುದು ತಪಾಸಣೆಯ ನಂತರದ ಹಾದಿಯಲ್ಲಿ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಮೇಲಿನ ಊಹೆಯ ಲೆಕ್ಕವನ್ನೇ ಮುಂದುವರಿಸೋಣ. ತಪಾಸಣೆಯಾದ 360 ಜನರಲ್ಲಿ 90 ಜನರ ಬಿಪಿ 140/90ರ ಗಡಿಯನ್ನು ದಾಟಿತ್ತು. ಅವರಲ್ಲಿ 60 ಜನ ಎರಡನೆಯ ಸಲ ಬಂದು ತೋರಿಸಿಕೊಂಡರು, 45 ಜನರಿಗೆ ಬಿಪಿ ಇರುವುದು ಖಚಿತವಾಯಿತು, 30 ಜನ ಮಾತ್ರೆ ಶುರು ಮಾಡಿದರು, ಆರು ತಿಂಗಳ ನಂತರ ನೋಡಿದಾಗ 15 ಜನರದ್ದು ಹತೋಟಿಯಲ್ಲಿತ್ತು. ಶಿಬಿರದ ವರದಿ 360ರ ಹತ್ತಿರವೇ ನಿಂತುಬಿಡುತ್ತದೆ. ಮುಂದೆ ಯಾವುದಾದರೂ ಒಬ್ಬ ಕೆಲಸಗಾರನಿಗೆ ಪಾರ್ಶ್ವವಾಯು ತಪ್ಪುವುದಿದ್ದರೆ ಅದು ಆ 15ರಲ್ಲಿ ತಪ್ಪುತ್ತದೆ. ಪ್ರತಿ ಹಂತದಲ್ಲೂ ಎಷ್ಟು ಜನ ಉದುರಿದರು, ಯಾಕೆ ಉದುರಿದರು ಎಂದು ಬರೆದಿಟ್ಟರೆ ಕಾರ್ಯಕ್ರಮದ ಲೋಪ ಎಲ್ಲಿದೆ ಎಂಬುದು ತಾನಾಗಿ ಗೋಚರಿಸುತ್ತದೆ. ಮರುಪರೀಕ್ಷೆಗೆ ಬಾರದ 30 ಜನರಿಗೆ ಅಂದಿನ ಕೂಲಿ ಕಡಿತವಾಗುತ್ತಿತ್ತೇ? ಮಾತ್ರೆ ಶುರು ಮಾಡದ 15 ಜನರಿಗೆ ಅದು ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದ್ದರೇ?

ಇದಕ್ಕೆ ಉತ್ತರ ಹೆಚ್ಚಾಗಿ ಔಷಧಶಾಸ್ತ್ರದಲ್ಲಿ ಸಿಗದೆ ಪಾಳಿಯ ವೇಳಾಪಟ್ಟಿಯಲ್ಲಿ ಸಿಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕೆಲಸಗಾರನಿಗೆ ಚಿಕಿತ್ಸೆಯ ಹಕ್ಕು ಇರುತ್ತದೆ. ಗುತ್ತಿಗೆಯವನಿಗೂ ಅದು ಅನ್ವಯಿಸುತ್ತದೆ. ಆದರೆ ಕಾರ್ಡ್ ಯಾವ ಗುತ್ತಿಗೆದಾರನ ಹೆಸರಿನಲ್ಲಿದೆ, ಡಿಸ್ಪೆನ್ಸರಿ ಯಾವ ಹೊತ್ತಿಗೆ ತೆರೆದಿರುತ್ತದೆ, ಅಲ್ಲಿಗೆ ಹೋಗಿಬರಲು ಮೇಸ್ತ್ರಿ ಅರ್ಧ ದಿನ ಬಿಡುತ್ತಾನೆಯೇ ಎಂಬವು ಕಾರ್ಯಕ್ರಮದ ಭಾಗವೆಂದು ಯಾರೂ ಎಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ಬರೆದುಕೊಟ್ಟ ರೋಗ ತಪಾಸಣೆಯ ತತ್ತ್ವಗಳು ಈ ವಿಷಯದಲ್ಲಿ ನಿಷ್ಠುರವಾಗಿವೆ: ರೋಗ ಪತ್ತೆಯಾದವರಿಗೆ ಚಿಕಿತ್ಸೆ ಸಿಗುವ ಏರ್ಪಾಡು ಇರಬೇಕು, ಪತ್ತೆ ಮಾಡುವುದು ಒಂದು ಸಲದ ಕೆಲಸವಾಗದೆ ಮುಂದುವರಿಯುವಂಥದ್ದಾಗಿರಬೇಕು. ‘ಫುಲ್ ಬಾಡಿ ಚೆಕಪ್’ ಎಂದು ನಲವತ್ತೋ ಐವತ್ತೋ ರಕ್ತಪರೀಕ್ಷೆಗಳ ಪಟ್ಟಿ ಕೊಡುವ ಪ್ಯಾಕೇಜುಗಳನ್ನು ಈ ತತ್ತ್ವಗಳ ಪಕ್ಕದಲ್ಲಿಟ್ಟು ನೋಡಿದರೆ ಅವು ದುಬಾರಿ ಅಲಂಕಾರವೆನಿಸುತ್ತವೆ. ಬಿಪಿ, ಶುಗರ್, ಕಿವಿ, ಶ್ವಾಸಕೋಶ, ಕಣ್ಣು ಇಷ್ಟನ್ನೇ ಸರಿಯಾಗಿ ನೋಡಿ ಬೆನ್ನು ಬಿಡದೆ ಹಿಂಬಾಲಿಸುವ ಕಾರ್ಯಕ್ರಮ ಅದಕ್ಕಿಂತ ಮೇಲು.

ರಿಜಿಸ್ಟರಿನ ಒಂದು ಪುಟ

ದಾಖಲೆ ನಂಬಲರ್ಹವೇ ಎಂಬುದನ್ನು ತಿಳಿಯಲು ವೈದ್ಯರೇ ಆಗಬೇಕಾಗಿಲ್ಲ, ರಿಜಿಸ್ಟರಿನ ಒಂದು ಪುಟ ತೆರೆದರೆ ಸಾಕು. ಕ್ರಮಸಂಖ್ಯೆ, ಹೆಸರು, ವಯಸ್ಸು, ಬಿಪಿ ಎಂಬ ಕಾಲಂಗಳಲ್ಲಿ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದುತ್ತ ಬಂದರೆ 120/80, 120/80, 130/80, 120/80, 110/70, 120/80 ಎಂದು ಸಾಗುವ ಪುಟಗಳಿರುತ್ತವೆ. ಮನುಷ್ಯರ ರಕ್ತದೊತ್ತಡ ಹೀಗೆ ಹತ್ತರ ಮಗ್ಗಿಯಂತೆ ಇರುವುದಿಲ್ಲ. ಪಾದರಸದ ಉಪಕರಣದಲ್ಲಿ ಗೆರೆಗಳು ಎರಡೆರಡು ಮಿಲಿಮೀಟರ್ ಅಂತರದಲ್ಲಿರುವುದರಿಂದ ಕೊನೆಯ ಅಂಕಿ 0, 2, 4, 6, 8 ಇವುಗಳಲ್ಲಿ ಪ್ರತಿಯೊಂದೂ ಸುಮಾರು ಐದರಲ್ಲಿ ಒಂದು ಸಲ ಬರಬೇಕು. ಡಿಜಿಟಲ್ ಯಂತ್ರವಾದರೆ ಬೆಸ ಅಂಕಿಗಳೂ ಬರಬೇಕು. ಪುಟದ ತುಂಬ ಸೊನ್ನೆಯೇ ಇದ್ದರೆ ಅಳತೆ ಅಂದಾಜಿನದು, ಇಲ್ಲವೇ ಅಳೆದೇ ಇಲ್ಲ. ಮೌಲ್ಯಮಾಪನಕ್ಕೆ ಬಂದವರು ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ ಇದು, ಮತ್ತು ಬಹಳಷ್ಟು ವಿಷಯವನ್ನು ಹೇಳುವ ಪರೀಕ್ಷೆ.

ನಿಜವಾಗಿ ಅಳೆದಲ್ಲಿಯೂ ಅಳೆದ ಬಗೆ ಮುಖ್ಯವಾಗುತ್ತದೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು, ಬೆನ್ನಿಗೆ ಆಸರೆ ಇರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಹಿಂದಿನ ಅರ್ಧ ಗಂಟೆಯಲ್ಲಿ ಚಹಾ ಕುಡಿದಿರಬಾರದು, ಬೀಡಿ ಸೇದಿರಬಾರದು, ಕನಿಷ್ಠ ಎರಡು ಸಲ ನೋಡಬೇಕು. ಕುಲುಮೆಯ ಹತ್ತಿರದಿಂದ ಬೆವರು ಒರೆಸಿಕೊಳ್ಳುತ್ತ ಬಂದವನನ್ನು ಸಾಲಿನಲ್ಲಿ ನಿಲ್ಲಿಸಿ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ ತೆಗೆದ ಅಂಕಿಯಿಂದ ಅವನ ಹೃದಯದ ಸ್ಥಿತಿ ತಿಳಿಯುವುದಿಲ್ಲ. ಕಿವಿಯ ಪರೀಕ್ಷೆಯ ಕಥೆಯೂ ಇಂಥದ್ದೇ: ಗದ್ದಲದಿಂದ ಕಿವಿಗೆ ಬರುವ ತಾತ್ಕಾಲಿಕ ಮಂದತೆ ಕಳೆಯಲು ಪರೀಕ್ಷೆಗೆ ಮೊದಲು ಸುಮಾರು 14 ಗಂಟೆ ಸದ್ದಿನಿಂದ ದೂರವಿರಬೇಕು, ಪರೀಕ್ಷೆಯ ಕೊಠಡಿ ನಿಶ್ಶಬ್ದವಾಗಿರಬೇಕು. ಕಂಪ್ರೆಸರ್ ಮನೆಯ ಗೋಡೆಗೆ ಒತ್ತಿಕೊಂಡ ಕೊಠಡಿಯಲ್ಲಿ, ಪಾಳಿಯ ನಡುವೆ ಕರೆಸಿ ನೋಡಿದರೆ ಎಲ್ಲರ ಕಿವಿಯೂ ಹಾಳಾದಂತೆ ತೋರುತ್ತದೆ. ಹಾಗಾದಾಗ ನಿಜವಾಗಿ ಹಾಳಾದವನು ಗುಂಪಿನಲ್ಲಿ ಕಳೆದುಹೋಗುತ್ತಾನೆ.

ಹತ್ತಿ ದೂಳಿನ ಕಾಯಿಲೆಯಲ್ಲಿ ವಾರದ ದಿನವೂ ಎಣಿಕೆಗೆ ಬರುತ್ತದೆ. ಬಿಸಿನೋಸಿಸ್ ಎಂಬ ಈ ಕಾಯಿಲೆಯ ಆರಂಭದಲ್ಲಿ, ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ಉಸಿರು ಹಿಡಿಯುತ್ತದೆ. ವಾರ ಸಾಗಿದಂತೆ ಕಡಿಮೆಯಾಗುತ್ತದೆ. ಹಾಗಾಗಿ ಗುರುವಾರ ನಡೆಸಿದ ಶಿಬಿರದಲ್ಲಿ ‘ಏನೂ ತೊಂದರೆ ಇಲ್ಲ ಸಾರ್’ ಎಂಬ ಉತ್ತರ ಬಂದರೆ ಅದನ್ನು ನಂಬಿ ಕೈತೊಳೆದುಕೊಳ್ಳುವಂತಿಲ್ಲ. ವಾರದ ರಜೆಯ ಮರುದಿನ, ಪಾಳಿ ಶುರುವಾಗುವ ಮೊದಲು ಮತ್ತು ಮುಗಿದ ನಂತರ, ಉಸಿರಿನ ಸಾಮರ್ಥ್ಯ ಅಳೆದು ಹೋಲಿಸಿದರೆ ಮಾತ್ರ ಈ ಕಾಯಿಲೆ ಸಿಕ್ಕಿಬೀಳುತ್ತದೆ. ಜಿನ್ನಿಂಗ್ ಮಿಲ್ಲಿನ ಆರೋಗ್ಯ ಕಾರ್ಯಕ್ರಮವನ್ನು ತೂಗಲು ಬಂದವರು ಶಿಬಿರದ ತಾರೀಖು ಕೇಳಿ, ಆ ದಿನ ಯಾವ ವಾರವಾಗಿತ್ತು ಎಂದು ಪಂಚಾಂಗ ನೋಡಿದರೆ ತಪ್ಪಿಲ್ಲ.

ಹೋಲಿಕೆ ಇಲ್ಲದ ಯಶಸ್ಸು

ಈಗ ಕಠಿಣ ಭಾಗಕ್ಕೆ ಬರೋಣ. ಕಾರ್ಯಕ್ರಮದ ಮೊದಲು ಹೀಗಿತ್ತು, ನಂತರ ಹೀಗಾಯಿತು ಎಂದು ತೋರಿಸುವ ಪಟ್ಟಿಗಳು ಮನವೊಲಿಸುವಂತಿರುತ್ತವೆ. ಆದರೆ ಬಿಪಿ ದಿನದಿಂದ ದಿನಕ್ಕೆ ಏರಿಳಿಯುವ ವಸ್ತು. ಒಂದು ದಿನ ಅಳೆದು, ಅಂದು ಅತಿ ಹೆಚ್ಚಿದ್ದವರನ್ನಷ್ಟೇ ಆರಿಸಿ, ಮೂರು ತಿಂಗಳ ನಂತರ ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಗುಂಪಿನ ಸರಾಸರಿ ಸ್ವಲ್ಪ ಇಳಿದಿರುತ್ತದೆ; ಅಂದು ಅಕಸ್ಮಾತ್ತಾಗಿ ಏರಿದ್ದವರು ತಮ್ಮ ಮಾಮೂಲಿ ಮಟ್ಟಕ್ಕೆ ಮರಳಿರುತ್ತಾರೆ. ಈ ಇಳಿತವನ್ನು ಯೋಗ ತರಗತಿಯ ಖಾತೆಗೋ ಆಹಾರ ಸಲಹೆಯ ಖಾತೆಗೋ ಜಮಾ ಮಾಡುವುದು ಬಹಳ ಸುಲಭ. ಮೊದಲು ಚಳಿಗಾಲದಲ್ಲಿ, ಆಮೇಲೆ ಬೇಸಿಗೆಯಲ್ಲಿ ಅಳೆದಿದ್ದರೆ ಹವಾಮಾನದ ಪ್ರಭಾವವೂ ಇದರೊಳಗೆ ಸೇರಿಕೊಳ್ಳುತ್ತದೆ.

ಇನ್ನೊಂದು ಮೋಸ ಸ್ವಯಂಪ್ರೇರಿತರಾಗಿ ಬರುವವರಿಂದ ಆಗುತ್ತದೆ. ನಡಿಗೆ ಸ್ಪರ್ಧೆಗೆ ಹೆಸರು ಕೊಡುವವರು ಮೊದಲೇ ನಡೆಯುವವರು. ಅವರನ್ನು ಹೆಸರು ಕೊಡದವರ ಜೊತೆ ಹೋಲಿಸಿದರೆ ಕಾರ್ಯಕ್ರಮ ಅದ್ಭುತವಾಗಿ ಕಾಣುತ್ತದೆ. ಇದನ್ನು ಒರೆಗೆ ಹಚ್ಚಿದ ಅಧ್ಯಯನ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಆರಂಭವಾಯಿತು. ಸುಮಾರು 5,000 ನೌಕರರನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವರಿಗೆ ಆರೋಗ್ಯ ಕಾರ್ಯಕ್ರಮಕ್ಕೆ ಸೇರುವ ಅವಕಾಶ ಕೊಟ್ಟು, ಉಳಿದವರಿಗೆ ಕೊಡದೆ ನೋಡಿದರು. ವೈದ್ಯಕೀಯ ಖರ್ಚಿನಲ್ಲಾಗಲೀ ಗೈರುಹಾಜರಿಯಲ್ಲಾಗಲೀ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ಅಂಕಿಅಂಶಗಳನ್ನು ಹಳೆಯ ರೀತಿಯಲ್ಲಿ, ಸೇರಿದವರು ಮತ್ತು ಸೇರದವರು ಎಂದು ಹೋಲಿಸಿದಾಗ ಮಾತ್ರ ದೊಡ್ಡ ಲಾಭವಿರುವಂತೆ ತೋರಿತು. ಏಕೆಂದರೆ ಸೇರಿದವರು ಮೊದಲಿನಿಂದಲೇ ಕಡಿಮೆ ಖರ್ಚಿನವರಾಗಿದ್ದರು.

2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಅಮೆರಿಕದ ಸಗಟು ಮಾರಾಟ ಮಳಿಗೆಗಳ ಸರಪಳಿಯೊಂದರಲ್ಲಿ ನಡೆದದ್ದು. 160 ಮಳಿಗೆಗಳು, ಸುಮಾರು 33,000 ಕೆಲಸಗಾರರು. ಲಾಟರಿಯಂತೆ ಆರಿಸಿದ 20 ಮಳಿಗೆಗಳಲ್ಲಿ ಮಾತ್ರ ಕಾರ್ಯಕ್ರಮ. ಹದಿನೆಂಟು ತಿಂಗಳ ನಂತರ, ತಾವು ನಿಯಮಿತವಾಗಿ ವ್ಯಾಯಾಮ ಮಾಡುತ್ತೇವೆ ಎಂದು ಹೇಳಿಕೊಳ್ಳುವವರ ಪ್ರಮಾಣ ಅಲ್ಲಿ ಹೆಚ್ಚಿತ್ತು. ಬಿಪಿ, ಕೊಲೆಸ್ಟ್ರಾಲ್, ತೂಕ, ಆಸ್ಪತ್ರೆ ಖರ್ಚು, ರಜೆ ಇವು ಯಾವುದರಲ್ಲೂ ಗಣನೀಯ ಬದಲಾವಣೆ ಇರಲಿಲ್ಲ. ಈ ಪ್ರಯೋಗದ ಇಬ್ಬರು ಲೇಖಕರಾದ ಜಿರುಯಿ ಸಾಂಗ್ ಮತ್ತು ಕ್ಯಾಥರೀನ್ ಬೈಕರ್ 2010ರಲ್ಲಿ ಡೇವಿಡ್ ಕಟ್ಲರ್ ಜೊತೆ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಇಂಥ ಕಾರ್ಯಕ್ರಮಕ್ಕೆ ಹಾಕಿದ ಒಂದು ಡಾಲರಿಗೆ ವೈದ್ಯಕೀಯ ಖರ್ಚಿನಲ್ಲಿ ಸುಮಾರು 3.27 ಡಾಲರ್ ಉಳಿತಾಯವಾಗುತ್ತದೆ ಎಂದು ಬರೆದಿದ್ದವರು. ತಾವೇ ಬರೆದ ಆಶಾದಾಯಕ ಅಂಕಿಯನ್ನು ತಾವೇ ಬಿಗಿಯಾದ ಪ್ರಯೋಗಕ್ಕೆ ಒಡ್ಡಿ, ಬಂದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚಬೇಕಾದ ನಡೆ. ಆ 3.27 ಮಾತ್ರ ಇಂದಿಗೂ ಮಾರಾಟಗಾರರ ಸ್ಲೈಡುಗಳಲ್ಲಿ ಓಡಾಡುತ್ತಿರುತ್ತದೆ.

ಹಾಗಾದರೆ ಯಾವುದೂ ಪ್ರಯೋಜನವಿಲ್ಲವೆಂದು ಹೇಳಬೇಕೇ? ಇಲ್ಲ. ಪೆಪ್ಸಿಕೋ ಕಂಪನಿಯ ಕಾರ್ಯಕ್ರಮದ ಏಳು ವರ್ಷಗಳ ದಾಖಲೆಗಳನ್ನು ರ‍್ಯಾಂಡ್ ಸಂಸ್ಥೆಯ ಸಂಶೋಧಕರು ವಿಶ್ಲೇಷಿಸಿ 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆಗಲೇ ದೀರ್ಘಕಾಲದ ಕಾಯಿಲೆ ಇರುವವರ ಬೆನ್ನು ಹತ್ತಿ ಚಿಕಿತ್ಸೆಗೆ ನೆರವಾಗುವ ಭಾಗದಿಂದ ಒಂದು ಡಾಲರಿಗೆ 3.80 ಡಾಲರ್ ಲಾಭವಾದರೆ, ಜೀವನಶೈಲಿ ಸಲಹೆಯ ಭಾಗದಿಂದ ಬಂದದ್ದು ಅರ್ಧ ಡಾಲರ್ ಎಂದಿದೆ. ಇದು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲದ್ದರಿಂದ ಮೇಲೆ ಹೇಳಿದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ. ಆದರೂ ಎಲ್ಲರಿಗೂ ಭಾಷಣ ಮಾಡುವುದಕ್ಕಿಂತ ಪತ್ತೆಯಾದವರನ್ನು ಬಿಡದೆ ನೋಡಿಕೊಳ್ಳುವುದು ಮೇಲು ಎಂಬ ಸೂಚನೆ ಇಲ್ಲಿದೆ. ಗಿಣಿಗೇರಾದ ಘಟಕಕ್ಕೂ ಅಮೆರಿಕದ ಮಳಿಗೆಗೂ ಸಂಬಳ, ವಿಮೆ, ಕೆಲಸ ಎಲ್ಲದರಲ್ಲೂ ಅಂತರವಿರುವುದರಿಂದ ಅಂಕಿಗಳನ್ನು ಎತ್ತಿ ಇಲ್ಲಿ ನೆಡಲಾಗದು. ಎರವಲು ತರಬಹುದಾದದ್ದು ಹೋಲಿಸುವ ಶಿಸ್ತನ್ನು. ಚೀಟಿ ಎತ್ತುವುದು ಆಗದ ಮಾತಾದರೆ, ಒಂದೇ ಕಂಪನಿಯ ಎರಡು ವಿಭಾಗಗಳಲ್ಲಿ ಒಂದರಲ್ಲಿ ಈ ವರ್ಷ, ಇನ್ನೊಂದರಲ್ಲಿ ಮುಂದಿನ ವರ್ಷ ಕಾರ್ಯಕ್ರಮ ಶುರು ಮಾಡಿ, ನಡುವಿನ ವರ್ಷವನ್ನು ಹೋಲಿಕೆಗೆ ಬಳಸಬಹುದು.

ದೂಳು, ಸದ್ದು, ಬಿಸಿಲು

ಎಲ್ಲ ಕಾಯಿಲೆಗಳನ್ನೂ ಕೆಲಸಗಾರನ ನಡತೆಯ ಲೆಕ್ಕಕ್ಕೆ ಸೇರಿಸುವ ಕಾರ್ಯಕ್ರಮ ಅರ್ಧ ಕಾರ್ಯಕ್ರಮ. ಉಪ್ಪು ಕಡಿಮೆ ಮಾಡು, ತಂಬಾಕು ಬಿಡು ಎಂಬ ಸಲಹೆ ಒಳ್ಳೆಯದೇ, ಆದರೆ ಸಿಲಿಕೋಸಿಸ್ ಯಾರ ಚಟದಿಂದಲೂ ಬರುವುದಿಲ್ಲ. ಹಟ್ಟಿಯಂಥ ಕಡೆ ಚಿನ್ನವಿರುವುದು ಬೆಣಚುಕಲ್ಲಿನ ಪದರಗಳಲ್ಲಿ. ಸಂಡೂರಿನ ಅದಿರಿನ ಜೊತೆಯಲ್ಲೂ ಬೆಣಚುಕಲ್ಲಿನ ಪಟ್ಟಿಗಳಿವೆ. ಅಂಥ ಕಲ್ಲನ್ನು ಕೊರೆದಾಗ, ಒಡೆದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಶ್ವಾಸಕೋಶದ ಆಳಕ್ಕೆ ಇಳಿದು ಗಾಯದ ಕಲೆ ಮಾಡುತ್ತದೆ. ಸಾಮಾನ್ಯ ಬಗೆಯ ಸಿಲಿಕೋಸಿಸ್ ಕಾಣಿಸಿಕೊಳ್ಳಲು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು, ಬಂದ ಮೇಲೆ ವಾಸಿಯಾಗುವುದಿಲ್ಲ, ಕ್ಷಯ ಅಂಟುವ ಸಂಭವವನ್ನೂ ಅದು ಹೆಚ್ಚಿಸುತ್ತದೆ. ಹಾಗಿರುವಾಗ ಎಕ್ಸ್‌ರೇ ತೆಗೆಯುವುದು ರೋಗಿಯನ್ನು ಗುರುತಿಸುವ ಕೆಲಸವಾಗುತ್ತದೆಯೇ ಹೊರತು ರೋಗವನ್ನು ತಡೆಯುವ ಕೆಲಸವಾಗುವುದಿಲ್ಲ. ಕೊರೆಯುವಾಗ ನೀರು ಬಿಡುತ್ತಾರೆಯೇ, ಕ್ರಷರಿಗೆ ಮುಚ್ಚಳವಿದೆಯೇ, ಗಾಳಿಯಲ್ಲಿನ ದೂಳನ್ನು ಕೆಲಸಗಾರನ ಅಂಗಿಯ ಕಾಲರಿಗೆ ಸಿಕ್ಕಿಸಿದ ಮಾಪಕದಿಂದ ಅಳೆದಿದ್ದಾರೆಯೇ, ಹೋದ ವರ್ಷಕ್ಕಿಂತ ಈ ವರ್ಷ ಅದು ಇಳಿದಿದೆಯೇ ಎಂಬವು ಆರೋಗ್ಯ ಕಾರ್ಯಕ್ರಮದ ಮೌಲ್ಯಮಾಪನದ ಒಳಗೇ ಬರಬೇಕಾದ ಪ್ರಶ್ನೆಗಳು. ಸುರಕ್ಷತಾ ವಿಭಾಗದ ಕಡತ ಒಂದು ಕಪಾಟಿನಲ್ಲಿ, ವೈದ್ಯರ ಕಡತ ಇನ್ನೊಂದು ಕಪಾಟಿನಲ್ಲಿ ಇದ್ದು ಎರಡನ್ನೂ ಯಾರೂ ಒಟ್ಟಿಗೆ ಓದದಿದ್ದರೆ ಆ ಕಾರ್ಯಕ್ರಮದ ದೊಡ್ಡ ದೋಷ ಅದೇ.

ಇಂಥ ಜಾಗಗಳ ರಿಜಿಸ್ಟರಿನಲ್ಲಿ ಎಲ್ಲರೂ ಆರೋಗ್ಯವಾಗಿರುವಂತೆ ಕಾಣಲು ಇನ್ನೊಂದು ಕಾರಣವಿದೆ. ಉಸಿರು ಹಿಡಿಯಲು ಶುರುವಾದವನು ಕೆಲಸ ಬಿಟ್ಟು ಊರಿಗೆ ಹೋಗಿರುತ್ತಾನೆ, ಗಟ್ಟಿಮುಟ್ಟಾದವರಷ್ಟೇ ಉಳಿದಿರುತ್ತಾರೆ. ಇದ್ದವರನ್ನು ಮಾತ್ರ ಎಣಿಸಿದರೆ ದೂಳಿನ ಜಾಗವೇ ಆರೋಗ್ಯಕ್ಕೆ ಒಳ್ಳೆಯದೆಂಬ ತೀರ್ಮಾನ ಬಂದರೂ ಬರಬಹುದು. ಬಿಟ್ಟುಹೋದವರು ಯಾರು, ಯಾಕೆ ಬಿಟ್ಟರು, ಅವರ ಕೊನೆಯ ಎಕ್ಸ್‌ರೇ ಹೇಗಿತ್ತು ಎಂದು ಕೇಳದ ಮೌಲ್ಯಮಾಪನ ಇಲ್ಲಿ ಎಡವುತ್ತದೆ.

ಸದ್ದಿನ ವಿಷಯದಲ್ಲಿ ಒಂದು ಲೆಕ್ಕ ನೆನಪಿಡಬೇಕು. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು. ಮೂರು ಡೆಸಿಬೆಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ, ಅಂದರೆ 88ರಲ್ಲಿ 4 ಗಂಟೆ, 91ರಲ್ಲಿ 2 ಗಂಟೆ. ಎಷ್ಟು ಜೊತೆ ಇಯರ್ ಪ್ಲಗ್ ಕೊಟ್ಟೆವು ಎಂಬುದಕ್ಕಿಂತ, ಎಷ್ಟು ಯಂತ್ರಗಳ ಸದ್ದನ್ನು ಆ ಮೂರು ಡೆಸಿಬೆಲ್ಲಿನಷ್ಟಾದರೂ ಇಳಿಸಿದೆವು ಎಂಬುದು ಹೆಚ್ಚು ತೂಕದ ಉತ್ತರ.

ಬಿಸಿಲನ್ನು ನಮ್ಮ ಜನಕ್ಕೆ ಪರಿಚಯಿಸಬೇಕಾಗಿಲ್ಲ. ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು, ಕುಲುಮೆಯ ಬಳಿ ಅದರ ಮೇಲೆ ಇನ್ನಷ್ಟು. ಆದರೆ ‘ಬಿಸಿಲು ನಮಗೆ ರೂಢಿ’ ಎಂಬ ಮಾತು ಕಾರ್ಯಕ್ರಮ ರೂಪಿಸುವವರನ್ನು ಮೈಮರೆಸುತ್ತದೆ. ಬಿಸಿಲಿನ ಹೊಡೆತಕ್ಕೆ ಹೆಚ್ಚಾಗಿ ಸಿಕ್ಕುವವರು ಹೊಸದಾಗಿ ಸೇರಿದವರು ಮತ್ತು ದೀರ್ಘ ರಜೆ ಮುಗಿಸಿ ಬಂದವರು. ಹೊಸಬನಿಗೆ ಮೊದಲ ದಿನ ಬಿಸಿಯಲ್ಲಿ ಪೂರ್ಣ ಅವಧಿಯ ಶೇ 20ರಷ್ಟು ಮಾತ್ರ ಕೆಲಸ ಕೊಟ್ಟು, ದಿನಕ್ಕೆ ಶೇ 20ರಂತೆ ಏರಿಸಬೇಕೆಂಬುದು ಮೇಲೆ ಹೇಳಿದ ಸಂಸ್ಥೆಯದೇ ಸಲಹೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕೆಂದೂ ಅದು ಹೇಳುತ್ತದೆ. ಮೌಲ್ಯಮಾಪನ ಮಾಡುವವರು ಎಷ್ಟು ಓಆರ್‌ಎಸ್ ಪೊಟ್ಟಣ, ಎಷ್ಟು ಲೀಟರ್ ಮಜ್ಜಿಗೆ ಖರ್ಚಾಯಿತು ಎಂಬ ಬಿಲ್ಲಿಗಿಂತ ಮೊದಲು ನೀರಿನ ಡ್ರಮ್ಮು ಕೆಲಸದ ಜಾಗದಿಂದ ಎಷ್ಟು ಹೆಜ್ಜೆ ದೂರವಿದೆ ಎಂದು ನಡೆದು ನೋಡಬೇಕು, ಹೋದ ವಾರ ಸೇರಿದವನಿಗೆ ಮೊದಲ ದಿನ ಯಾವ ಕೆಲಸ ಕೊಟ್ಟರು ಎಂದು ಅವನನ್ನೇ ಕೇಳಬೇಕು. ಮಹಿಳಾ ಕೆಲಸಗಾರರಿರುವಲ್ಲಿ ಶೌಚಾಲಯ ದೂರವಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ ಎಂಬುದನ್ನೂ ಇದರ ಜೊತೆಗೇ ನೋಡಬೇಕು.

‘ಅನ್‌ಫಿಟ್’ ಎಂಬ ಹೆದರಿಕೆ

ಕಾರ್ಯಕ್ರಮ ಎಷ್ಟೇ ಚೆನ್ನಾಗಿದ್ದರೂ ಕೆಲಸಗಾರರು ನಿಜ ಹೇಳದಿದ್ದರೆ ಅದು ಕುರುಡಾಗುತ್ತದೆ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಪಾಸ್ ಕೊಡುವ ಮೊದಲು ಬಿಪಿ, ತಲೆಸುತ್ತು ಪರೀಕ್ಷಿಸುವುದು ವಾಡಿಕೆ. ಬಿಪಿ ಹೆಚ್ಚು ಬಂದರೆ ‘ಅನ್‌ಫಿಟ್’, ಅನ್‌ಫಿಟ್ ಆದರೆ ಗೇಟ್ ಪಾಸ್ ಇಲ್ಲ, ಪಾಸ್ ಇಲ್ಲದಿದ್ದರೆ ಕೂಲಿ ಇಲ್ಲ ಎಂಬ ಸರಣಿ ಮನಸ್ಸಿನಲ್ಲಿ ಕೂತಿರುವವನು ಪರೀಕ್ಷೆಯ ಬೆಳಿಗ್ಗೆ ಯಾರದೋ ಮಾತ್ರೆ ನುಂಗಿ ಬಂದರೆ ಅವನನ್ನು ಬೈದು ಪ್ರಯೋಜನವಿಲ್ಲ. ಬಿಪಿ ಹತೋಟಿಗೆ ಬರುವವರೆಗೆ ನೆಲದ ಮೇಲಿನ ಕೆಲಸ, ಅದೇ ಕೂಲಿ ಎಂಬ ಭರವಸೆ ಲಿಖಿತವಾಗಿ ಇದೆಯೇ ಎಂಬುದು ಇಲ್ಲಿ ಗುಣಮಟ್ಟದ ಪ್ರಶ್ನೆ. ಪರೀಕ್ಷೆಯ ವಿವರ ವೈದ್ಯರ ಬಳಿಯೇ ಉಳಿದು, ಆಡಳಿತಕ್ಕೆ ‘ಈ ಕೆಲಸಕ್ಕೆ ಯೋಗ್ಯ, ಈ ಕೆಲಸಕ್ಕೆ ಸದ್ಯಕ್ಕೆ ಬೇಡ’ ಎಂಬಷ್ಟೇ ಮಾಹಿತಿ ಹೋಗುತ್ತದೆಯೇ, ಅಥವಾ ಹೆಸರು, ರೋಗ ಸಮೇತ ಪಟ್ಟಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತದೆಯೇ ಎಂಬುದೂ ಹಾಗೆಯೇ.

ಗೈರುಹಾಜರಿ ಇಳಿದಿದೆ ಎಂಬ ಹೆಮ್ಮೆಯನ್ನೂ ಇದೇ ಕಣ್ಣಿನಿಂದ ನೋಡಬೇಕಾಗುತ್ತದೆ. ರಜೆಗೆ ಸಂಬಳವಿರುವ ಕಾಯಂ ನೌಕರನ ಗೈರುಹಾಜರಿಯಿಂದ ಆರೋಗ್ಯದ ಬಗ್ಗೆ ಏನಾದರೂ ತಿಳಿಯಬಹುದು. ಇಎಸ್‌ಐ ಇರುವವನಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ನಗದು ಸಿಗಬೇಕು, ಅದು ಸಿಕ್ಕಿತೇ ಎಂದು ಎಣಿಸಬಹುದು. ದಿನಗೂಲಿಯವನು ಜ್ವರ ಬಂದಾಗಲೂ ಬರುತ್ತಾನೆ. ಅವನ ಹಾಜರಿ ಪುಸ್ತಕ ತುಂಬಿರುವುದು ಅವನ ಬಡತನದಿಂದ.

ಹತ್ತು ಹೊಲಿಗೆ ಯಂತ್ರಗಳ ಘಟಕಕ್ಕೆ

ಇದುವರೆಗೆ ಹೇಳಿದ್ದು ವೈದ್ಯರು, ಕಡತ, ಕ್ಲರ್ಕು ಎಲ್ಲ ಇರುವ ದೊಡ್ಡ ಜಾಗಗಳಿಗೆ ಹೊಂದುತ್ತದೆ. ಬಳ್ಳಾರಿಯ ಓಣಿಗಳಲ್ಲಿರುವ ಸಣ್ಣ ಜೀನ್ಸ್ ಘಟಕದಲ್ಲಿ ಹತ್ತು ಹೊಲಿಗೆ ಯಂತ್ರ, ಇಬ್ಬರು ಇಸ್ತ್ರಿಯವರು, ಒಬ್ಬ ಮಾಲೀಕ ಇದ್ದರೆ ಅಲ್ಲಿ ಮೌಲ್ಯಮಾಪನ ಎಂಬ ಮಾತೇ ದೊಡ್ಡದು. ಆದರೂ ಇಡೀ ದಿನ ಬೆನ್ನು ಬಗ್ಗಿಸಿ ಕೂರುವವರಿಗೆ ಸೊಂಟ, ಕುತ್ತಿಗೆ, ಕಣ್ಣಿನ ತೊಂದರೆಗಳಿರುತ್ತವೆ. ಬಟ್ಟೆಯ ಬಣ್ಣ ಮಾಸಿಸುವ ವಾಶಿಂಗ್ ಘಟಕಗಳಲ್ಲಿ ರಾಸಾಯನಿಕಗಳ ಸಂಪರ್ಕವೂ ಸೇರುತ್ತದೆ. ಇಂಥ ಕಡೆ ಕಂಪನಿಯ ಕಾರ್ಯಕ್ರಮಕ್ಕಾಗಿ ಕಾಯುವುದಕ್ಕಿಂತ ಸರ್ಕಾರದ ನಗರ ಆರೋಗ್ಯ ಕೇಂದ್ರ ಅಥವಾ ‘ನಮ್ಮ ಕ್ಲಿನಿಕ್’ ಜೊತೆ ಒಂದು ಓಣಿಯ ಘಟಕಗಳನ್ನೆಲ್ಲ ಸೇರಿಸಿ ಜೋಡಿಸುವುದು ಹೆಚ್ಚು ಕಾರ್ಯಸಾಧ್ಯ.

ಅಲ್ಲಿಗೆ ಬೇಕಾಗುವ ದಾಖಲೆ ಒಂದು ನೂರು ಪುಟದ ನೋಟ್‌ಬುಕ್. ಎಡಗಡೆ ಹೆಸರು, ಬಿಪಿ, ಶುಗರ್, ತೊಂದರೆ. ಬಲಗಡೆ ಮತ್ತೆ ನೋಡಬೇಕಾದ ತಾರೀಖು, ನೋಡಿದ ತಾರೀಖು, ಅಂದಿನ ಅಂಕಿ. ಆರು ತಿಂಗಳ ನಂತರ ಆ ಪುಸ್ತಕ ತೆರೆದವರು ಬಲಗಡೆಯ ಕಾಲಂನಲ್ಲಿ ಎಷ್ಟು ಸಾಲು ಖಾಲಿ ಇದೆ ಎಂದು ಎಣಿಸಿ, ಖಾಲಿ ಇರುವ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆಯಾ ಘಟಕಕ್ಕೆ ಹೋಗಿ ವಿಚಾರಿಸಬೇಕು.